ಲೋಡ್ ಹಾಕಿದರೆ ಜನರೇಟರ್ ಯಾಕೆ ಮುಕ್ಕರಿಸುತ್ತದೆ?

ಕೇಳುಗರಿಗೆ ನಮಸ್ಕಾರ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಅಂಗಡಿಗಳ ಹಿಂದೆ ಇಟ್ಟ ಜನರೇಟರಿನ ಸದ್ದನ್ನು ಗಮನಿಸಿದ್ದೀರಾ? ಬಲ್ಬುಗಳು ಆರಿದ್ದಾಗ ಎಂಜಿನ್ ಹಗುರಾಗಿ ಓಡುತ್ತಿರುತ್ತದೆ. ಸಾಲುದೀಪದ ಸ್ವಿಚ್ ಹಾಕಿದಿರೋ, ಏರು ಹತ್ತುವ ಬಂಡಿಯ ಎತ್ತಿನಂತೆ ಮುಕ್ಕರಿಸತೊಡಗುತ್ತದೆ. ಬಲ್ಬು ಇರುವುದು ನೂರು ಅಡಿ ದೂರದಲ್ಲಿ. ಎಂಜಿನ್ನಿಗೆ ಭಾರ ಬಂದದ್ದು ಎಲ್ಲಿಂದ?

ಮೊದಲು ಕರೆಂಟು ಹುಟ್ಟುವ ಬಗೆ ನೋಡೋಣ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡದ್ದು ಇಷ್ಟು: ತಂತಿಯ ಸುರುಳಿಯ ಪಕ್ಕದಲ್ಲಿ ಅಯಸ್ಕಾಂತ ಸುಮ್ಮನೆ ಕೂತಿದ್ದರೆ ಏನೂ ಆಗುವುದಿಲ್ಲ, ಅದು ಎಷ್ಟೇ ಬಲವಾಗಿರಲಿ. ಸುರುಳಿಯೊಳಗೆ ಹಾಯುವ ಕಾಂತರೇಖೆಗಳು ಹೆಚ್ಚುತ್ತ, ತಗ್ಗುತ್ತ ಇರಬೇಕು. ಆಗಷ್ಟೇ ವೋಲ್ಟೇಜ್.

ಉತ್ತರ ಧ್ರುವ, ದಕ್ಷಿಣ ಧ್ರುವ ಎದುರುಬದುರು ಇವೆ ಎನ್ನಿ. ನಡುವೆ ತಿರುಗುವ ಚೌಕಟ್ಟು, ಅದಕ್ಕೆ ಸುತ್ತಿದ ತಾಮ್ರದ ತಂತಿ. ಇದೇ ಆರ್ಮೇಚರ್. ಚೌಕಟ್ಟು ಧ್ರುವಕ್ಕೆ ಮುಖ ಕೊಟ್ಟು ನಿಂತಾಗ ಅದರೊಳಗೆ ಅತಿ ಹೆಚ್ಚು ರೇಖೆಗಳು ಹಾಯುತ್ತವೆ. ವೋಲ್ಟೇಜೂ ಆಗಲೇ ಹೆಚ್ಚು ಎಂದುಕೊಳ್ಳುವವರು ಬಹಳ. ಆದರೆ ಆ ಗಳಿಗೆಯಲ್ಲಿ ಅದು ಸೊನ್ನೆ! ತಂತಿ ಆಗ ರೇಖೆಗಳ ಗುಂಟ ಜಾರುತ್ತದೆಯೇ ಹೊರತು ಅವನ್ನು ಕತ್ತರಿಸುವುದಿಲ್ಲ. ಕಾಲು ಸುತ್ತು ಕಳೆದು ಚೌಕಟ್ಟಿನ ಅಂಚು ಧ್ರುವದತ್ತ ಬಂದಾಗ ತಂತಿ ರೇಖೆಗಳನ್ನು ನೇರ ಅಡ್ಡಕ್ಕೆ ಕತ್ತರಿಸುತ್ತದೆ, ವೋಲ್ಟೇಜ್ ತುದಿ ಮುಟ್ಟುತ್ತದೆ. ಅರ್ಧ ಸುತ್ತಿಗೊಮ್ಮೆ ಕರೆಂಟಿನ ದಿಕ್ಕು ಅದಲುಬದಲಾಗುತ್ತದೆ, ಅದೇ ಎ.ಸಿ. ಇದನ್ನು ಹೊರಗೆ ತರುವುದು ಚೌಕಟ್ಟಿನ ಜೊತೆ ತಿರುಗುವ ಎರಡು ಲೋಹದ ಬಳೆ, ಅಂದರೆ ಸ್ಲಿಪ್ ರಿಂಗ್, ಅವಕ್ಕೆ ಒತ್ತಿಕೊಂಡು ನಿಂತ ಎರಡು ಕಾರ್ಬನ್ ತುಂಡು, ಅಂದರೆ ಬ್ರಷ್. ಅವುಗಳ ಬದಲಿಗೆ ಒಂದೇ ರಿಂಗನ್ನು ಎರಡು ಹೋಳಾಗಿ ಸೀಳಿ ಕೂರಿಸಿದರೆ ಕಮ್ಯುಟೇಟರ್, ಸಿಗುವುದು ಒಂದೇ ದಿಕ್ಕಿನ ಕರೆಂಟು, ಡಿ.ಸಿ.

ಲೆಕ್ಕ ಹಾಕಿ ನೋಡಿ. ಚೌಕಟ್ಟು 10 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ; ತಂತಿ 100 ಸುತ್ತು; ಕಾಂತಕ್ಷೇತ್ರ 0.1 ಟೆಸ್ಲಾ, ಸೆಕೆಂಡಿಗೆ 50 ಸಲ ತಿರುಗುತ್ತದೆ. ತುದಿಯ ವೋಲ್ಟೇಜ್ ಸುಮಾರು 31. ವೇಗ ಅರ್ಧವಾದರೆ ವೋಲ್ಟೇಜೂ ಅರ್ಧ.

ಶಕ್ತಿನಗರ, ಕುಡತಿನಿಯ ಉಷ್ಣ ಸ್ಥಾವರಗಳ ಯಂತ್ರಗಳೂ ಸೆಕೆಂಡಿಗೆ 50 ಸುತ್ತು, ಅಂದರೆ ನಿಮಿಷಕ್ಕೆ 3000. ಅಲ್ಲಿ ತಿರುಗುವುದು ವಿದ್ಯುತ್ಕಾಂತ, ಸುರುಳಿ ನಿಂತೇ ಇರುತ್ತದೆ. ಅಷ್ಟು ದೊಡ್ಡ ಕರೆಂಟನ್ನು ಬ್ರಷ್ಷಿನಿಂದ ತೆಗೆಯುವುದು ಆಗದ ಮಾತು. ಮುನಿರಾಬಾದಿನ ನೀರಿನ ಟರ್ಬೈನ್ ನಿಧಾನ, ಹಾಗಾಗಿ ಸೆಕೆಂಡಿಗೆ ಅದೇ 50 ಆವರ್ತ ಸಿಗಲೆಂದು ಧ್ರುವಗಳ ಜೋಡಿ ಹೆಚ್ಚು.

ಈಗ ಆ ಭಾರದ ಮಾತು. ಬಲ್ಬು ಹೊತ್ತಿದಾಗ ಸುರುಳಿಯಲ್ಲಿ ಕರೆಂಟು ಹರಿಯುತ್ತದೆ. ಕರೆಂಟು ಹರಿದ ಸುರುಳಿ ತಾನೇ ಒಂದು ಅಯಸ್ಕಾಂತ, ಅದೂ ತಿರುಗುವಿಕೆಗೆ ಎದುರು ನಿಲ್ಲುವ ಅಯಸ್ಕಾಂತ. ಲೆನ್ಜ್ ನಿಯಮ ಎನ್ನುವುದು ಇದನ್ನೇ. ಬ್ಯಾಟರಿ ತೆಗೆದ ಆಟಿಕೆ ಕಾರಿನ ಚಕ್ರವನ್ನು ಬೆರಳಿನಿಂದ ತಿರುಗಿಸಿ. ಆಮೇಲೆ ಮೋಟರಿನ ಎರಡೂ ತಂತಿಗಳನ್ನು ಒಂದಕ್ಕೊಂದು ತಾಗಿಸಿ ತಿರುಗಿಸಿ. ಚಕ್ರ ಬಿಗಿಯಾಗುತ್ತದೆ. ಎಂಜಿನ್ನಿಗೆ ತಾಗುವುದೂ ಇದೇ ಬಿಗಿ.

ಕೆಲವೊಮ್ಮೆ ಬ್ರಷ್ ಇರುವ ಸಣ್ಣ ಜನರೇಟರ್ ತಿಂಗಳುಗಟ್ಟಲೆ ಮೂಲೆಯಲ್ಲಿದ್ದು, ಶುರು ಮಾಡಿದರೆ ಎಂಜಿನ್ ಓಡುತ್ತದೆ, ಕರೆಂಟಿಲ್ಲ. ಎಂಜಿನ್ ನಿಲ್ಲಿಸಿ ಮೊದಲು ಬ್ರಷ್ ನೋಡಿ: ಸವೆದು ಗಿಡ್ಡಾಗಿದೆಯೇ, ಸ್ಪ್ರಿಂಗ್ ಸಡಿಲವಾಗಿದೆಯೇ? ನಮ್ಮ ಕಡೆಯ ಕೆಂಧೂಳು ರಿಂಗಿನ ಮೇಲೆ ಪದರ ಕಟ್ಟಿದ್ದರೆ ನುಣುಪು ಮರಳು ಕಾಗದದಿಂದ ಉಜ್ಜಿ. ಎಮರಿ ಕಾಗದ ಬೇಡ, ಅದರ ಪುಡಿ ಕರೆಂಟು ಹಾಯಿಸುತ್ತದೆ. ಎಲ್ಲ ಸರಿಯಿದ್ದರೂ ವೋಲ್ಟೇಜ್ ಬಾರದಿದ್ದರೆ ಒಳಗಿನ ವಿದ್ಯುತ್ಕಾಂತದ ಕಬ್ಬಿಣದಲ್ಲಿ ಉಳಿದಿದ್ದ ಅಲ್ಪ ಕಾಂತತ್ವವೂ ಇಂಗಿರಬಹುದು; ಆರಂಭದ ಕಿಡಿಯೇ ಅದು. ಮೆಕ್ಯಾನಿಕ್ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಬಿಚ್ಚಿ, ಪ್ಲಸ್-ಮೈನಸ್ ನೋಡಿ, 12 ವೋಲ್ಟಿನ ಬ್ಯಾಟರಿಯನ್ನು ಕೆಲವು ಸೆಕೆಂಡು ಫೀಲ್ಡ್ ಸುರುಳಿಗೆ, ಅಂದರೆ ಆ ವಿದ್ಯುತ್ಕಾಂತದ ಸುರುಳಿಗೆ, ಕೊಡುತ್ತಾರೆ. ರೆಗ್ಯುಲೇಟರ್ ಮತ್ತೆ ಜೋಡಿಸಿ ಓಡಿಸಿದಾಗ ಮೀಟರಿನಲ್ಲಿ 230 ಬಂದು ನಿಲ್ಲಲಿ. ಆಮೇಲೆ ಲೋಡ್ ಹಾಕಿ, ಒಂದೊಂದಾಗಿ. ನಮಸ್ಕಾರ.