ಕೆರೆಗೆ ಇಳಿದ ಅಕ್ಕೋರು

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಹುಬ್ಬಳ್ಳಿಯಲ್ಲಿ ನೀರಿನ ಮಾತು ಬಂತೆಂದರೆ ಅದು ನಲ್ಲಿಯ ಮಾತು. ಇವತ್ತು ಬಿಡ್ತಾರೇನು, ನಿಮ್ಮ ಓಣಿಗೆ ಬಂತೇನು, ಮೋಟಾರ್ ಹಚ್ಚಿದ್ರೇನು. ಮಲಪ್ರಭೆಯ ನೀರು ಸವದತ್ತಿಯ ಕಡೆಯಿಂದ ಅಷ್ಟು ದೂರ ಪೈಪಿನಲ್ಲಿ ಬಂದು ನಮ್ಮ ಮನೆಯ ಟಾಕಿಗೆ ಬೀಳುವುದು ವಾರಕ್ಕೊಮ್ಮೆ. ಹೀಗಿರುವಾಗ ಹೋದ ಬೇಸಿಗೆಯಲ್ಲಿ ನನ್ನ ತಂಗಿ ಫೋನು ಮಾಡಿ, "ಅಕ್ಕಾ, ನಮ್ಮೂರ ಕೆರ್ಯಾಗ ಮೂರು ದಿನ ನೀರಿನ ಆಟ ಇಟ್ಟಾರ, ದೋಣಿ ಗೀಣಿ ಎಲ್ಲಾ ಬಂದಾವು, ನೀ ಬಾ" ಅಂದಾಗ ನನಗೆ ಮೊದಲು ಬಂದದ್ದು ಸಿಟ್ಟು. ಏಪ್ರಿಲ್ ಕೊನೆಯ ವಾರ. ಜನ ಕೊಡ ಹಿಡಿದು ನಿಂತಾರ, ಇವರಿಗೆ ಆಟ!

ಆದರೂ ಹೋದೆ. ನಿವೃತ್ತಿಯಾದ ಮೇಲೆ ಕರೆದಲ್ಲಿಗೆ ಹೋಗುವುದೇ ನನ್ನ ಉದ್ಯೋಗ. ಶಿಗ್ಗಾವಿ, ಬಂಕಾಪುರ ದಾಟಿ ಹಾವೇರಿ, ಅಲ್ಲಿಂದ ಹಾನಗಲ್ ಕಡೆ ತಿರುಗಿದರೆ ಕೆರೆಗಳಿಗೆ ಬರವಿಲ್ಲ. ಅದರಲ್ಲಿ ಒಂದು ಕೆರೆಯ ದಂಡೆಯ ಊರು ನನ್ನ ತಂಗಿಯದು. ಹೆಸರು ಹೇಳುವುದಿಲ್ಲ. ಅವಳ ಯಜಮಾನರು ಆ ಹಬ್ಬದ ಸಮಿತಿಯಲ್ಲಿದ್ದಾರೆ, ನಾನು ಒಂದೆರಡು ಮಾತು ಒರಟಾಗಿ ಆಡುವವಳಿದ್ದೇನೆ.

ಅದಕ್ಕೆ ಮೊದಲು ನನ್ನದೊಂದು ಗುಟ್ಟು. ನಾನು ವಿಜ್ಞಾನದ ಅಕ್ಕೋರು. ಒಂಬತ್ತನೆಯ ತರಗತಿಗೆ ಆರ್ಕಿಮಿಡೀಸನ ತತ್ವವನ್ನು ಇಪ್ಪತ್ತೆಂಟು ವರ್ಷ ಕಲಿಸಿದವಳು. ದ್ರವದಲ್ಲಿ ಮುಳುಗಿದ ವಸ್ತುವಿನ ಮೇಲೆ, ಅದು ಸ್ಥಾನಪಲ್ಲಟಗೊಳಿಸಿದ ದ್ರವದ ತೂಕದಷ್ಟೇ ಮೇಲ್ಮುಖ ಬಲ ಇರುತ್ತದೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯೇನು. ಅಷ್ಟು ವರ್ಷವೂ ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನಾ ಓಡಾಟ. ಮೊದಲು ಕೆಂಪು ಬಸ್ಸು, ಕಡೆಕಡೆಗೆ ಚಿಗರಿ ಬಸ್ಸು. ಕಿಟಕಿಯಿಂದ ಉಣಕಲ್ ಕೆರೆ ಕಾಣುತ್ತಿತ್ತು, ಅದರ ನಡುವೆ ವಿವೇಕಾನಂದರ ಮೂರ್ತಿ, ಕೆಲವು ವರ್ಷ ನೀರೇ ಕಾಣದಂತೆ ಅಂತರಗಂಗೆ. ಆ ನೀರಿಗೆ ಒಂದು ಬೆರಳು ತಾಗಿಸಿದವಳಲ್ಲ. ನನಗೆ ಈಜು ಬರುವುದಿಲ್ಲ.

ಬರುವುದಿಲ್ಲ ಅನ್ನುವುದಕ್ಕಿಂತ, ಕಲಿಸಲಿಲ್ಲ. ನನ್ನ ತವರು ಸವಣೂರು ಕಡೆಯ ಹಳ್ಳಿ. ಎಲೆಬಳ್ಳಿ ತೋಟದಲ್ಲಿ ಮೆಟ್ಟಿಲು ಇದ್ದ ಬಾವಿ. ಬೇಸಿಗೆ ರಜೆ ಬಿದ್ದರೆ ನಮ್ಮ ಅಣ್ಣಂದಿರು ಇಡೀ ಮಧ್ಯಾಹ್ನ ಅಲ್ಲೇ. ಡಾಲ್ಡಾ ಡಬ್ಬಿಯ ಬಾಯಿ ಭದ್ರ ಮಾಡಿ ಬೆನ್ನಿಗೆ ಕಟ್ಟಿ ಈಸು ಕಲಿಯುವುದು. ಸಣ್ಣವನಿಗೆ ಒಣಗಿದ ಸೋರೆ ಬುರುಡೆ. ಹೆಣ್ಣುಮಕ್ಕಳಾದ ನಮ್ಮ ಕೆಲಸ ಮೇಲಿನ ಮೆಟ್ಟಿಲ ಮೇಲೆ ಕೂತು ಅವರ ಅಂಗಿ ಚಡ್ಡಿ ಕಾಯುವುದು, ಅಪ್ಪ ಬಂದರೆ ಸಿಳ್ಳು ಹಾಕುವುದು. ಅದೇ ಬಾವಿಯಿಂದ ದಿನಕ್ಕೆ ಆರೇಳು ಕೊಡ ನೀರು ಹೊತ್ತವರು ಮಾತ್ರ ನಾವೇ.

ಇರಲಿ. ಕೆರೆಗೆ ಬರೋಣ.

ಬೇಸಿಗೆಯ ಕೆರೆ ಅಂದರೆ ನಿಮಗೆ ಗೊತ್ತೇ ಇದೆ. ನೀರು ನಡುವಿಗೆ ಸರಿದಿತ್ತು. ತೂಬಿನ ಕಲ್ಲುಗಂಬ ಆಳೆತ್ತರ ಮೇಲೆ ಬಂದು ನಿಂತಿತ್ತು, ಮಳೆಗಾಲದ ನೀರು ಎಲ್ಲಿಯವರೆಗೆ ಏರಿತ್ತು ಅನ್ನುವುದಕ್ಕೆ ಅದರ ಮೇಲೆ ಬಿಳಿಯ ಗೆರೆ. ದಂಡೆಯಿಂದ ನೀರಿನವರೆಗೆ ಹೂಳು ಬಿರುಕುಬಿಟ್ಟು ಹಪ್ಪಳದ ಹಾಗೆ ಎದ್ದಿತ್ತು. ಅದರ ಮೇಲೆ ಮರಳಿನ ಚೀಲ ಹಾಸಿ ದಾರಿ ಮಾಡಿದ್ದರು. ಶಾಮಿಯಾನ, ಮೈಕು, ಗಿರಮಿಟ್ಟಿನ ಗಾಡಿ, ಮಿರ್ಚಿಯ ಬಾಣಲೆ, ಕಬ್ಬಿನ ಹಾಲಿನ ಗಾಣದ ಗೆಜ್ಜೆ. ಜಾತ್ರೆಯೇ, ತೇರು ಮಾತ್ರ ಇಲ್ಲ.

ನೀರಿನ ಮೇಲೆ ಏನೇನಿತ್ತು? ಕಾಲಿನಿಂದ ತುಳಿಯುವ ಪೆಡಲ್ ದೋಣಿ, ಅದಕ್ಕೆ ಹಂಸದ ಕುತ್ತಿಗೆ. ಬಾಳೆಹಣ್ಣಿನ ಆಕಾರದ ರಬ್ಬರ್ ದೋಣಿ, ಅದನ್ನು ಇನ್ನೊಂದು ದೋಣಿ ಎಳೆದುಕೊಂಡು ಹೋಗಿ ತಿರುವಿನಲ್ಲಿ ಬೇಕೆಂದೇ ಎಲ್ಲರನ್ನೂ ಕೆಡವುತ್ತದೆ, ಕೆಡವಿಸಿಕೊಳ್ಳಲು ಹುಡುಗರು ದುಡ್ಡು ಕೊಟ್ಟು ಸಾಲು ನಿಂತಿದ್ದರು. ಜೆಟ್ ಸ್ಕೀ ಅನ್ನುವ ನೀರಿನ ಬೈಕು. ಕೆಳಗಿನಿಂದ ನೀರು ಹೀರಿ ಹಿಂದಕ್ಕೆ ಚಿಮ್ಮಿಸಿ ಮುಂದೆ ಓಡುವ ಯಂತ್ರ ಅದು. ನನಗೆ ಹಿಡಿಸಲಿಲ್ಲ. ಸದ್ದು ಬೇರೆ, ಅದು ಹೋದ ದಾರಿಯಲ್ಲಿ ನೀರಿನ ಮೇಲೆ ಎಣ್ಣೆಯ ಬಣ್ಣಬಣ್ಣದ ಪೊರೆ ಬೇರೆ. ಜೊಂಡಿನ ಬದಿಗಿದ್ದ ಗುಳುಮುಳುಕ ಹಕ್ಕಿಗಳು ಮುಳುಗಿದವು ಎಷ್ಟು ಹೊತ್ತಾದರೂ ಮೇಲೆ ಏಳಲಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಬಾತುಗಳನ್ನು ನೋಡಿದವರಿಗೆ ಗೊತ್ತು, ನೀರು ಸುಮ್ಮನಿದ್ದರೇ ಅವು ಇಳಿಯುವುದು. 2024ರಲ್ಲಿ ಆ ಕೆರೆ, ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಈ ಊರಿನವರು ಈ ಬೈಕನ್ನು ಡಿಸೆಂಬರಿನಲ್ಲಿ ತರದಿದ್ದರೆ ಸಾಕು.

ನನ್ನ ತಂಗಿಯ ಮಗಳು ನನ್ನನ್ನು ಎಳೆದುಕೊಂಡು ಹೋದದ್ದು ಕಯಾಕ್ ಇದ್ದ ಕಡೆಗೆ. ಒಬ್ಬರೋ ಇಬ್ಬರೋ ಕಾಲು ಮುಂದೆ ಚಾಚಿ ಕೂರುವ, ಎರಡೂ ತುದಿಗೆ ಅಲಗು ಇರುವ ಹುಟ್ಟಿನಿಂದ ನಡೆಸುವ ಸಪೂರ ದೋಣಿ. ಒಂದೇ ಅಲಗಿನ ಹುಟ್ಟಾದರೆ ಅದು ಕನೂ. ಎರಡೂ 1936ರ ಬರ್ಲಿನ್ ಒಲಿಂಪಿಕ್ಸಿನಿಂದ ಪಂದ್ಯದ ಆಟಗಳು. ಮೇಜಿನ ಮೇಲೆ ಒಂದು ಫಾರ್ಮು. ಹೆಸರು, ವಯಸ್ಸು, ಊರು, ಕೊನೆಗೆ "ಈಜು ಬರುತ್ತದೆಯೇ, ಹೌದು ಅಥವಾ ಇಲ್ಲ". ನನ್ನ ಮುಂದೆ ನಿಂತಿದ್ದ ಹನ್ನೊಂದು ಹೆಣ್ಣುಮಕ್ಕಳ ಫಾರ್ಮು ಇಣುಕಿ ನೋಡಿದೆ. ಅಕ್ಕೋರ ಚಟ, ಬಿಡುವುದಿಲ್ಲ. ಹನ್ನೊಂದರಲ್ಲೂ "ಇಲ್ಲ". ಕೆರೆಯ ದಂಡೆಯಲ್ಲೇ ಹುಟ್ಟಿ ಬೆಳೆದವರು!

ಅಲ್ಲಿ ಇನ್ನೊಂದು ತೊಡಕು. ಸೀರೆ ಉಟ್ಟವರಿಗೆ ಕಯಾಕ್ ಇಲ್ಲ. ನ್ಯಾಯವೇ. ಒದ್ದೆಯಾದ ಸೀರೆ ಕಾಲಿಗೆ ಸುತ್ತಿಕೊಂಡರೆ ದೋಣಿ ಮಗುಚಿದಾಗ ಹೊರಗೆ ಬರಲಾಗದು. ಆದರೆ ಬಟ್ಟೆ ಬದಲಿಸಲು ಹೆಂಗಸರಿಗೆ ಒಂದು ಮರೆಯನ್ನೂ ಕಟ್ಟಿರಲಿಲ್ಲ. ವೇದಿಕೆಯ ಮೇಲೆ ಹಾರ ಇಡಲು ಮೂರು ಮೇಜು ಇದ್ದವು. ಇದೇ ನಾನು ಹೇಳಬೇಕೆಂದಿದ್ದ ಒರಟು ಮಾತು, ತಂಗಿಯ ಯಜಮಾನರು ಕೇಳಿಸಿಕೊಳ್ಳುತ್ತಿದ್ದರೆ ಕೇಳಿಸಿಕೊಳ್ಳಲಿ. ಕಡೆಗೆ ದಂಡೆಯ ಮೇಲಿನ ಒಂದು ಮನೆಯ ಅಡುಗೆಕೋಣೆಯಲ್ಲಿ ಸೀರೆ ಬಿಚ್ಚಿಟ್ಟು ಹುಡುಗಿಯ ಟ್ರ್ಯಾಕ್ ಪ್ಯಾಂಟು ಏರಿಸಿದೆ. ಆ ಮನೆಯ ಅಜ್ಜಿ ನನ್ನ ಇಳಕಲ್ ಸೀರೆಯನ್ನು ಮಡಚುತ್ತ, "ಯವ್ವಾ, ಈ ವಯಸ್ಸಿನ್ಯಾಗ ಏನ್ ಬೇಕಾಗಿತ್ತ ನಿನಗಿದು" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಲಿಸುವವಳು ಕಾರವಾರದ ಕಡೆಯ ಹುಡುಗಿ, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಲೈಫ್ ಜಾಕೆಟ್ ತೊಡಿಸಿ, ಮುಂದಿನ ಮೂರು ಬಕ್ಕಲ್ ಹಾಕಿ, ಆಮೇಲೆ ಭುಜದ ಮೇಲಿನ ಪಟ್ಟಿ ಹಿಡಿದು ನನ್ನನ್ನು ಮೇಲಕ್ಕೆ ಜಗ್ಗಿದಳು, ತರಕಾರಿ ಚೀಲ ಎತ್ತಿ ನೋಡುವ ಹಾಗೆ. ಜಾಕೆಟ್ ಗಲ್ಲದವರೆಗೆ ಏರಿತು. "ನೋಡಿ ಆಂಟಿ, ಹೀಗೆ ಏರಿದರೆ ನೀರಿನಲ್ಲಿ ಜಾಕೆಟ್ ತೇಲುತ್ತದೆ, ನೀವು ಕೆಳಗೆ ಜಾರುತ್ತೀರಿ" ಅಂದು, ತೊಡೆಯ ಸಂದಿಯ ಪಟ್ಟಿಯನ್ನೂ ಹಾಕಿಸಿ ಬಿಗಿದಳು. ಆಚೆ ಪೆಡಲ್ ದೋಣಿಯ ಸಾಲಿನಲ್ಲಿ ಆರು ವರ್ಷದ ಮಕ್ಕಳಿಗೆ ದೊಡ್ಡವರ ಜಾಕೆಟ್ ಹೊದಿಸಿ ಕೂರಿಸುತ್ತಿದ್ದರು. ಇವಳು ಅದನ್ನು ಕಂಡು ಓಡಿಹೋಗಿ ಜಗಳ ತೆಗೆದು, ಆ ಮಕ್ಕಳನ್ನು ಇಳಿಸಿಯೇ ವಾಪಸು ಬಂದಳು. ಆಗಲೇ ನನಗೆ ಅವಳ ಮೇಲೆ ನಂಬಿಕೆ ಬಂತು.

ಅಷ್ಟರೊಳಗೆ ನಾನು ಜಾಕೆಟ್ಟಿನ ಒಳಗಿನ ಚೀಟಿ ಓದಿದ್ದೆ. 50 ನ್ಯೂಟನ್. ಅಂದರೆ ಹೆಚ್ಚು ಕಡಿಮೆ ಐದು ಕಿಲೋ ಎತ್ತುವ ಬಲ. ನಾನು ಅರವತ್ತೆರಡು ಕಿಲೋ! ಗಾಬರಿಯಿಂದ ಕೇಳಿದೆ. ಅವಳು ನಕ್ಕಳು. ಮೈ ನೀರಿನೊಳಗೆ ಇದ್ದಾಗ ಅದರ ತೂಕವನ್ನು ಬಹುಪಾಲು ನೀರೇ ಹೊರುತ್ತದೆ, ಉಳಿಯುವುದು ಕೆಲವೇ ಕಿಲೋ, ಬಾಯಿ ಮೂಗು ಮೇಲಿಡಲು ಸಾಮಾನ್ಯವಾಗಿ ಐದು ಸಾಕು. ಹೇಳುತ್ತಿರುವುದು ಯಾರಿಗೆ? ಆರ್ಕಿಮಿಡೀಸನ ಅಕ್ಕೋರಿಗೆ. ಆದರೂ ಒಂದು ಮಾತು ಮುಚ್ಚಿಡದೆ ಹೇಳಿದಳು. 50 ಎಂದು ಬರೆದದ್ದು ಈಜು ಬಲ್ಲವರಿಗೆ, ಪಕ್ಕದಲ್ಲೇ ನೆರವಿದ್ದಾಗ. ಈಜು ಬಾರದವರಿಗೆ 100ರದ್ದು ಬೇಕು, ಇಲ್ಲಿ ಅದು ಇಲ್ಲ. "ಅದಕ್ಕೇ ನಿಮ್ಮನ್ನು ಎದೆಮಟ್ಟದ ನೀರು ದಾಟಿಸುವುದಿಲ್ಲ, ನಾನೂ ಒಂದು ಮಾರು ದೂರ ಹೋಗುವುದಿಲ್ಲ."

ಆಮೇಲೆ ನನ್ನ ತಲೆಯಲ್ಲಿ ಲೆಕ್ಕ ಓಡಿತು. ಐದು ಲೀಟರಿನ ಖಾಲಿ ಡಬ್ಬಿ ನೀರಲ್ಲಿ ಅದುಮಿದರೆ ಎಷ್ಟು ಎತ್ತುತ್ತದೆ? ಅದೇ ಐದು ಕಿಲೋ, ಡಬ್ಬಿಯ ತಗಡಿನ ತೂಕ ಕಳೆದು. ನಮ್ಮ ಅಣ್ಣಂದಿರು ಬೆನ್ನಿಗೆ ಕಟ್ಟಿದ್ದು ಇದನ್ನೇ! ವ್ಯತ್ಯಾಸ ಇಷ್ಟೇ, ಡಬ್ಬಿಗೆ ತೂತು ಬಿದ್ದರೆ ಕಥೆ ಮುಗಿಯಿತು, ಜಾಕೆಟ್ಟಿನೊಳಗಿನ ಫೋಮು ಹರಿದರೂ ತೇಲುತ್ತದೆ.

ದೋಣಿ ಹತ್ತುವ ಮೊದಲು ನೀರಿಗೆ ಬೀಳುವುದನ್ನು ಕಲಿಯಬೇಕು. ಅದು ಅವಳ ಕಟ್ಟಳೆ. ಕಾಲಿಗೆ ಹೂಳು, ಬೆರಳ ಸಂದಿಯಿಂದ ತಣ್ಣಗೆ ನುಗ್ಗಿತು. ಮೇಲಿನ ಒಂದು ಗೇಣು ನೀರು ಬಿಸಿ, ಅದರ ಕೆಳಗೆ ತಂಪು. ಎದೆಮಟ್ಟ ಬಂದಾಗ ಹಿಂದಕ್ಕೆ ಒರಗಿ ಅಂದಳು. ಒರಗಲಿಲ್ಲ. ಅವಳ ಅಂಗೈ ನನ್ನ ಬೆನ್ನ ಕೆಳಗೆ. ಗಾಬರಿಯಲ್ಲಿ ಎರಡೂ ಕೈ ಮೇಲೆತ್ತಿದೆ, ಗಲ್ಲದವರೆಗೆ ಮುಳುಗಿದೆ. "ಕೈ ನೀರಿನೊಳಗೆ ಇಡಿ, ಮೇಲೆತ್ತಿದ ಕೈಯ ಭಾರವೂ ನಿಮ್ಮ ತಲೆಯ ಮೇಲೇ ಬೀಳುತ್ತದೆ." ಇಟ್ಟೆ. ಕಾಲು ತಾನಾಗಿ ಎದ್ದು ಬಂತು. ಕಿವಿಯೊಳಗೆ ನೀರು ತುಂಬಿತು, ಮೈಕಿನವನ ಗದ್ದಲ ಒಮ್ಮೆಲೇ ನಿಂತಿತು. ಆಕಾಶ ಬಿಟ್ಟರೆ ಬೇರೇನೂ ಕಾಣುತ್ತಿಲ್ಲ. ನನ್ನ ಉಸಿರು ನನಗೇ ಕೇಳುತ್ತಿದೆ. ಉಸಿರೆಳೆದರೆ ಒಂದಂಗುಲ ಮೇಲೆ, ಬಿಟ್ಟರೆ ಒಂದಂಗುಲ ಕೆಳಗೆ. ಎಷ್ಟು ಹೊತ್ತು ಹಾಗಿದ್ದೆನೋ, ಅವಳು ಕೈ ತೆಗೆದದ್ದು ಯಾವಾಗ ಅನ್ನುವುದೂ ತಿಳಿಯಲಿಲ್ಲ.

ಕಯಾಕಿನ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಬಲಕ್ಕೊಮ್ಮೆ ಎಡಕ್ಕೊಮ್ಮೆ ಹುಟ್ಟು ಹಾಕಬೇಕು, ತೋಳಿನಿಂದಲ್ಲ, ಸೊಂಟ ತಿರುಗಿಸಿ. ನಾನು ತೋಳಿನಿಂದಲೇ ಹಾಕಿದೆ, ಹುಟ್ಟಿನ ನೀರು ಮೊಣಕೈವರೆಗೆ ಇಳಿಯಿತು, ದೋಣಿ ನಿಂತಲ್ಲೇ ಗಿರಗಿರ ತಿರುಗಿತು. ದಂಡೆಯ ಮೇಲೆ ನಗೆಯೋ ನಗೆ.

ಮಧ್ಯಾಹ್ನ ಬೆಸ್ತರ ಹರಿಗೋಲಿನ ಪಂದ್ಯ. ಐದು ಹರಿಗೋಲು, ಬಿದಿರಿನ ಹೆಣಿಗೆ, ಹೊರಗೆ ಪ್ಲಾಸ್ಟಿಕ್ ಹಾಸಿ ಡಾಂಬರು ಬಳಿದದ್ದು. ಮೊದಲೆಲ್ಲ ಚರ್ಮ ಹೊದಿಸುತ್ತಿದ್ದರು. 1520ರ ಆಸುಪಾಸಿನಲ್ಲಿ ವಿಜಯನಗರ ನೋಡಲು ಬಂದ ಪೋರ್ಚುಗೀಸ ಡೊಮಿಂಗೊ ಪಯಸ್, ತುಂಗಭದ್ರೆಯಲ್ಲಿ ಬುಟ್ಟಿಯಂಥ ದೋಣಿಗಳಲ್ಲಿ ಜನರಷ್ಟೇ ಅಲ್ಲ, ಕುದುರೆ ಎತ್ತುಗಳೂ ದಾಟುವುದನ್ನು ಕಂಡು ಬರೆದಿದ್ದಾನೆ, ಅವು ನೇರ ಹೋಗದೆ ತಿರುಗುತ್ತಲೇ ಇರುತ್ತವೆ ಅಂತಲೂ ಬರೆದಿದ್ದಾನೆ. ಈ ಬೆಸ್ತರ ಹರಿಗೋಲು ತಿರುಗಲಿಲ್ಲ. ಮುಂದೆ ಬಾಗಿ, ಹುಟ್ಟನ್ನು ತಮ್ಮ ಕಡೆಗೆ ಸೆಳೆದುಕೊಂಡು, ಅತ್ತಿತ್ತ ಒಂದು ತಿರುವು ಕೊಟ್ಟು, ಎಳೆದ ಗೆರೆಯ ಹಾಗೆ ಬಂದರು. ಗೆದ್ದವನಿಗೆ ಒಂದು ಕುಕ್ಕರು.

ಪಂದ್ಯ ಮುಗಿಯುವ ಹೊತ್ತಿಗೆ ಪಡುವಣದಲ್ಲಿ ಮೋಡ ಕಟ್ಟಿತು. ಭರಣಿ ಮಳೆ ಹುಟ್ಟುವ ದಿನಗಳು. ಮೊದಲ ಗುಡುಗು ಕೇಳಿದ್ದೇ ಕಾರವಾರದ ಹುಡುಗಿ ಸೀಟಿ ಊದಿ ಎಲ್ಲರನ್ನೂ ನೀರಿನಿಂದ ಹೊರಗೆ ಹಾಕಿದಳು. ಬಯಲು ನೀರಿನ ನಡುವೆ ಎತ್ತರದ್ದೆಂದರೆ ಕೂತವನ ತಲೆಯೇ, ಸಿಡಿಲಿಗೆ ಅಷ್ಟು ಸಾಕು. ಮಂಡಕ್ಕಿ ಪೊಟ್ಟಣ ಹಿಡಿದು ಶಾಮಿಯಾನದ ಕೆಳಗೆ ನಿಂತಾಗ ಅವಳನ್ನು ಕೇಳಿದೆ, ಮೂರು ದಿನ ಆಟ ಆಡಿಸಿ ಹೋಗುವ ಬದಲು ಇದೇ ಊರಿನ ಹುಡುಗಿಯರಿಗೆ ಒಂದು ತಿಂಗಳು ಈಜು ಕಲಿಸಬಾರದೇನವ್ವ ಅಂತ. "ಕರೆದರೆ ಬರುತ್ತೇನೆ ಅಕ್ಕೋರೇ, ಯಾರೂ ಕರೆಯುವುದಿಲ್ಲ" ಅಂದಳು. ಬೆಳಗಿನ ಆಂಟಿ ಅಷ್ಟರಲ್ಲಿ ಅಕ್ಕೋರು ಆಗಿದ್ದಳು.

ಇದನ್ನು ಕೇಳಿದ್ದು ಸುಮ್ಮನೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಮೂರು ಲಕ್ಷ ಜನ ನೀರಿನಲ್ಲಿ ಮುಳುಗಿ ತೀರಿಕೊಂಡಿದ್ದಾರೆ, ಅದರಲ್ಲಿ ಮಕ್ಕಳ ಪಾಲು ದೊಡ್ಡದು. ನಮ್ಮ ಕಡೆ ಕೆರೆ ಬಾವಿಗಳ ಜೊತೆಗೆ ಈಗ ಹೊಲಹೊಲಕ್ಕೂ ಕೃಷಿ ಹೊಂಡ. ಬರಗಾಲದಲ್ಲಿ ಬೆಳೆ ಉಳಿಸಿದ ಹೊಂಡಗಳೇ, ಇಲ್ಲ ಅನ್ನುವುದಿಲ್ಲ. ಆದರೆ ನೀರು ಇಂಗದಿರಲಿ ಎಂದು ಹಾಸಿದ ಆ ಕರಿ ತಾಡಪತ್ರಿ ಪಾಚಿಗಟ್ಟಿ ಜಾರುತ್ತದೆ. ಈಜು ಬಂದವರಿಗೂ ಹತ್ತಿ ಬರುವುದು ಕಷ್ಟ. ಸುತ್ತ ಬೇಲಿ ಹಾಕಿ, ಒಳಗೆ ಒಂದು ಹಗ್ಗ ಇಳಿಬಿಡಿ, ದಂಡೆಯ ಗೂಟಕ್ಕೆ ಬಾಯಿ ಮುಚ್ಚಿದ ಒಂದು ಖಾಲಿ ಕ್ಯಾನು ಕಟ್ಟಿಡಿ. ಯಾರಾದರೂ ಬಿದ್ದರೆ ಹಿಂದೆಯೇ ಜಿಗಿಯಬೇಡಿ, ಅದನ್ನು ಎಸೆಯಿರಿ.

ಹುಬ್ಬಳ್ಳಿಗೆ ಬಂದ ರಾತ್ರಿ ಅಣ್ಣನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಟ್ರ್ಯಾಕ್ ಪ್ಯಾಂಟಿನ ವಿಷಯಕ್ಕೆ ಬಹಳ ಹೊತ್ತು ನಕ್ಕ. ಆಮೇಲೆ, "ಆ ಡಬ್ಬಿ ಇನ್ನೂ ಅಟ್ಟದ ಮ್ಯಾಲ ಐತಿ ನೋಡು, ಈಗಲೂ ಒಂದು ಹನಿ ನೀರು ಒಳಗ ಹೋಗಂಗಿಲ್ಲ" ಅಂದ.

ಹೋಗುವುದಿಲ್ಲ. ಅದರ ಮುಚ್ಚಳದ ಸುತ್ತ ಮೇಣ ಕಾಯಿಸಿ ಹಚ್ಚಿದವಳು ನಾನು. ಅದನ್ನು ಅವನಿಗೆ ನೆನಪು ಮಾಡಿಕೊಡಬೇಕಾಯಿತು.

ನಮಸ್ಕಾರ.