‘ಒಮ್ಮೊಮ್ಮೆ ಬರ್ತೈತಿ’ ಅಂದಾಗ ಟೈಮರ್ ಹೆಚ್ಚಿಸಬೇಡಿ

ಎಲ್ಲರಿಗೂ ನಮಸ್ಕಾರ. ಯೂಸರ್‌ಸ್ಕ್ರಿಪ್ಟ್ (ಬೇರೆಯವರ ವೆಬ್‌ಪುಟವನ್ನು ನಮ್ಮ ಬ್ರೌಸರ್‌ನಲ್ಲಿ ನಮಗೆ ಬೇಕಾದಂತೆ ತಿದ್ದುವ ಸಣ್ಣ ಕೋಡ್) ಬರೆಯುವ ನಮಗೆಲ್ಲ ಒಂದು ಕೆಟ್ಟ ಚಟ ಇದೆ. ಸ್ಕ್ರಿಪ್ಟ್ ಒಮ್ಮೊಮ್ಮೆ ಕೈಕೊಡುತ್ತದೆ ಅಂತ ಯಾರಾದರೂ ಹೇಳಿದರೆ ಸಾಕು, ಸೆಟ್‌ಟೈಮ್‌ಔಟ್‌ನಲ್ಲಿ, ಅಂದರೆ ಇಷ್ಟು ಹೊತ್ತು ಕಾದು ಆಮೇಲೆ ಕೆಲಸ ಮಾಡು ಅನ್ನುವ ಟೈಮರ್‌ನಲ್ಲಿ, 2000 ಮಿಲಿಸೆಕೆಂಡ್ ಇದ್ದದ್ದನ್ನು 5000 ಮಾಡಿ ಕಳಿಸಿಬಿಡುತ್ತೇವೆ. ನಾನೂ ಇದನ್ನೇ ಮಾಡಿದೆ. ಅದು ತಪ್ಪು. ಯಾಕೆ ಅಂತ ಹೇಳುತ್ತೇನೆ.

ನಮ್ಮ ಕಾಕಾ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಾರೆ. ನಾನಿರುವುದು ಹುಬ್ಬಳ್ಳಿಯಲ್ಲಿ. ಅವರು ದಿನಾ ದರ ನೋಡುವ ಒಂದು ವೆಬ್‌ಪುಟ ಇದೆ. ಅಲ್ಲಿ ಎಲ್ಲ ಕ್ವಿಂಟಲ್ ಲೆಕ್ಕ. ಅಂಗಡಿಗೆ ಬಂದ ಗಿರಾಕಿ ಕೇಳುವುದು ಕಿಲೋ ಲೆಕ್ಕ. ಅದಕ್ಕೆ ಟ್ಯಾಂಪರ್‌ಮಂಕಿಯಲ್ಲಿ (ಇಂಥ ಸ್ಕ್ರಿಪ್ಟ್ ಓಡಿಸುವ ಬ್ರೌಸರ್ ಎಕ್ಸ್‌ಟೆನ್ಶನ್) ಒಂದು ಸಣ್ಣ ಸ್ಕ್ರಿಪ್ಟ್ ಹಾಕಿಕೊಟ್ಟೆ. ಪಟ್ಟಿಯಲ್ಲಿನ ದರವನ್ನು 100ರಿಂದ ಭಾಗಿಸಿ, ಪುಟದ ಮೇಲ್ಗಡೆ ಹಳದಿ ಬಾಕ್ಸ್‌ನಲ್ಲಿ ತೋರಿಸಬೇಕು. ಅಷ್ಟೇ ಕೆಲಸ.

ಒಂದು ವಾರಕ್ಕೆ ಫೋನ್ ಬಂತು. “ತಮ್ಮಾ, ನಿನ್ನ ಹಳದಿ ಬಾಕ್ಸ್ ಒಮ್ಮೊಮ್ಮೆ ಬರ್ತೈತಿ, ಒಮ್ಮೊಮ್ಮೆ ಬರೂದಿಲ್ಲ. ರಿಫ್ರೆಶ್ ಮಾಡಿದ್ರ ಬರ್ತೈತಿ ನೋಡು.”

ನಮ್ಮ ಮನೆಯಲ್ಲಿ ಹತ್ತು ಸಲ ತೆರೆದರೆ ಹತ್ತು ಸಲವೂ ಬಂತು. ಟೈಮರ್‌ನಲ್ಲಿ ಎರಡು ಸೆಕೆಂಡ್ ಇದ್ದದ್ದನ್ನು ಐದು ಮಾಡಿ ಸುಮ್ಮನಾದೆ. ಕೆಲವು ದಿನ ಚೆನ್ನಾಗಿ ನಡೆಯಿತು. ಆವಕ ಜಾಸ್ತಿ ಇದ್ದ ಒಂದು ದಿನ ಮತ್ತೆ ಅದೇ ಗೋಳು.

ಆಗುತ್ತಿದ್ದದ್ದು ಇಷ್ಟು. ಪುಟ ತೆರೆದಾಗ ಮೊದಲು ಬರುವುದು ಖಾಲಿ ಚೌಕಟ್ಟು. ದರದ ಪಟ್ಟಿಯನ್ನು ಪುಟ ಆಮೇಲೆ ಬೇರೆಯಾಗಿ ಸರ್ವರ್‌ನಿಂದ ತರಿಸಿಕೊಳ್ಳುತ್ತದೆ. ಸ್ಕ್ರಿಪ್ಟ್‌ನ ತಲೆಯಲ್ಲಿ ರನ್-ಅಟ್ ಅಂತ, ಅದು ಯಾವಾಗ ಓಡಬೇಕು ಅಂತ ಹೇಳುವ ಒಂದು ಸಾಲು ಇರುತ್ತದೆ. ಅಲ್ಲಿ ಡಾಕ್ಯುಮೆಂಟ್-ಐಡಲ್ (ಪುಟ ಸಿದ್ಧವಾದ ಮೇಲೆ ಓಡು) ಅಂತ ಬರೆದರೂ ಈ ಪಟ್ಟಿಗಾಗಿ ಅದು ಕಾಯುವುದಿಲ್ಲ. ನಮ್ಮ ಮನೆಯ ಫೈಬರ್ ನೆಟ್‌ನಲ್ಲಿ ಪಟ್ಟಿ ಥಟ್ಟನೆ ಬರುತ್ತಿತ್ತು. ಅಂಗಡಿಯಲ್ಲಿ ಮೊಬೈಲ್ ಹಾಟ್‌ಸ್ಪಾಟ್. ಕೆಲವೊಮ್ಮೆ ಎರಡು ಸೆಕೆಂಡ್, ಕೆಲವೊಮ್ಮೆ ಏಳು. ಐದಲ್ಲ, ಹತ್ತು ಮಾಡಿದರೂ ಹನ್ನೊಂದನೇ ಸೆಕೆಂಡಿಗೆ ಬರುವ ದಿನ ಇದ್ದೇ ಇರುತ್ತದೆ, ಅಲ್ವಾ?

2005ರಲ್ಲಿ ಗ್ರೀಸ್‌ಮಂಕಿ (ಇದೇ ಕೆಲಸದ ಹಳೆಯ ಎಕ್ಸ್‌ಟೆನ್ಶನ್) ಬಂದ ಹೊತ್ತಿಗೆ ಹೆಚ್ಚಿನ ಪುಟಗಳು ಸರ್ವರ್‌ನಿಂದ ಪೂರ್ತಿಯಾಗಿಯೇ ಬರುತ್ತಿದ್ದವು. ನಾವು ಈಗಲೂ ಹಾಗೇ ಅಂದುಕೊಂಡು ಬರೆಯುತ್ತೇವೆ.

ಕೊನೆಗೆ ಬ್ಯಾಡಗಿಗೇ ಹೋಗಿ ಕಾಕಾನ ಪಕ್ಕ ಕೂತೆ. ಡಬ್ಬಿ, ಕಡ್ಡಿ ಅಂತ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಎರಡು ಬಗೆ. ಅವರು ಡಬ್ಬಿ ಮೆಣಸಿನಕಾಯಿ ದರ ನೋಡಿದರು. ಬಾಕ್ಸ್ ಬಂತು. ಆಮೇಲೆ ಕಡ್ಡಿ ಅಂತ ಇದ್ದಲ್ಲಿ ಒತ್ತಿದರು. ಕೆಳಗಿನ ಪಟ್ಟಿ ಬದಲಾಯಿತು, ಮೇಲಿನ ವಿಳಾಸವೂ ಬದಲಾಯಿತು. ಹಳದಿ ಬಾಕ್ಸ್ ಮಾತ್ರ ಹಾಗೇ ಇತ್ತು. ಒಳಗಿದ್ದದ್ದು ಡಬ್ಬಿಯ ದರ! ಕೆಳಗೆ ಕಡ್ಡಿ, ಮೇಲೆ ಡಬ್ಬಿ. ನನಗೆ ಎದೆ ಧಸಕ್ಕೆಂದಿತು. ಬಾಕ್ಸ್ ಬಾರದಿದ್ದರೆ ಕಾಕಾ ಕೈಯಲ್ಲಿ ಲೆಕ್ಕ ಹಾಕುತ್ತಾರೆ, ನಷ್ಟವಿಲ್ಲ. ತಪ್ಪು ದರ ತೋರಿಸಿದರೆ ಅದನ್ನೇ ನಂಬಿ ಗಿರಾಕಿಗೆ ಹೇಳುತ್ತಾರೆ. ಯಾಕೆಂದರೆ ಬರೆದುಕೊಟ್ಟವನು ಅಣ್ಣನ ಮಗ.

ಇಲ್ಲಿ ಪುಟ ಹೊಸದಾಗಿ ಲೋಡ್ ಆಗಿರಲೇ ಇಲ್ಲ. ಪುಟದ ಜಾವಾಸ್ಕ್ರಿಪ್ಟ್ ಒಳಗಿನದನ್ನಷ್ಟೇ ಬದಲಿಸಿ, ಹಿಸ್ಟರಿಯ ಪುಶ್‌ಸ್ಟೇಟ್‌ನಿಂದ (ಪುಟ ಲೋಡ್ ಮಾಡದೆ ವಿಳಾಸ ಬದಲಿಸುವ ಬ್ರೌಸರ್ ಸೌಲಭ್ಯ) ವಿಳಾಸ ತಿದ್ದಿತ್ತು. ಯೂಸರ್‌ಸ್ಕ್ರಿಪ್ಟ್ ಓಡುವುದು ಪುಟ ಲೋಡ್ ಆದಾಗ, ಒಂದೇ ಸಲ. “ರಿಫ್ರೆಶ್ ಮಾಡಿದ್ರ ಬರ್ತೈತಿ” ಅಂತ ಕಾಕಾ ಮೊದಲ ದಿನವೇ ಹೇಳಿದ್ದರು. ಲೋಡ್ ಆಗುವ ಹೊತ್ತಿಗೂ ನನ್ನ ಸ್ಕ್ರಿಪ್ಟ್‌ಗೂ ನಂಟಿದೆ ಅನ್ನುವ ಸುಳಿವು ಆ ಮಾತಲ್ಲೇ ಇತ್ತು. ನಾನು ಬರೀ ‘ಒಮ್ಮೊಮ್ಮೆ’ ಅನ್ನುವುದನ್ನು ಕೇಳಿಸಿಕೊಂಡೆ. ಆ ಒಂದು ಪದದ ಹಿಂದೆ ಎರಡು ಬೇರೆ ಬೇರೆ ತಪ್ಪು ಅಡಗಿದ್ದವು.

ಹಾಗಾಗಿ ಕೋಡ್ ಮುಟ್ಟುವ ಮುಂಚೆ ತಪ್ಪನ್ನು ನಿಮ್ಮ ಕಣ್ಣೆದುರೇ ಬರಿಸಿ. ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ನೆಟ್ ವೇಗ ಬೇಕಂತಲೇ ತಗ್ಗಿಸಬಹುದು. 3ಜಿ ಆರಿಸಿ, ಕ್ಯಾಶ್ (ಬ್ರೌಸರ್ ಮೊದಲೇ ಉಳಿಸಿಟ್ಟ ಪ್ರತಿ) ಬಂದ್ ಮಾಡಿದಾಗ, ಬಾಕ್ಸ್ ಬಾರದ ಆ ತಪ್ಪು ನಮ್ಮ ಮನೆಯಲ್ಲೂ ತಕ್ಷಣ ಬಂತು. ಸ್ಕ್ರಿಪ್ಟ್‌ನ ಮೊದಲ ಸಾಲಲ್ಲೊಂದು, ಪಟ್ಟಿ ಸಿಕ್ಕ ಕಡೆ ಇನ್ನೊಂದು ಕನ್ಸೋಲ್ ಲಾಗ್ (ಇಲ್ಲಿಯವರೆಗೆ ಓಡಿತು ಅಂತ ಟೂಲ್ಸ್‌ನಲ್ಲಿ ತೋರಿಸುವ ಸಾಲು) ಹಾಕಿ. ಮೊದಲನೆಯದೇ ಬರದಿದ್ದರೆ, ಸ್ಕ್ರಿಪ್ಟ್ ಯಾವ ವಿಳಾಸದಲ್ಲಿ ಓಡಬೇಕು ಅಂತ ಹೇಳುವ ನಿಮ್ಮ ಮ್ಯಾಚ್ ಸಾಲು ನೋಡಿ. ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಇರುವ ವಿಳಾಸಕ್ಕೆ ಬರೆದದ್ದು ಇಲ್ಲದ ವಿಳಾಸಕ್ಕೆ ತಾಳೆಯಾಗುವುದಿಲ್ಲ. ಮೊದಲನೆಯದು ಬಂದು ಎರಡನೆಯದು ಬರದಿದ್ದರೆ ಪಟ್ಟಿ ಬರುವ ಮುಂಚೆಯೇ ಹುಡುಕಿ ನೀವು ಅವಸರ ಮಾಡಿದ್ದೀರಿ.

ನಾನು ಟೈಮರ್ ಪೂರ್ತಿ ತೆಗೆದೆ. ಪುಟದ ಒಂದು ಜಾಗದಲ್ಲಿ ಆಗುವ ಬದಲಾವಣೆಗಳ ಮೇಲೆ ಕಣ್ಣಿಡುವ ಮ್ಯುಟೇಶನ್ ಅಬ್ಸರ್ವರ್ ಹಾಕಿದೆ. ಪಟ್ಟಿ ಯಾವಾಗಲೇ ಬರಲಿ, ಬದಲಾಗಲಿ, ಅದು ಹೇಳುತ್ತದೆ. ಒಂದು ಎಚ್ಚರ: ಅಬ್ಸರ್ವರ್ ನೋಡುವ ಜಾಗದ ಒಳಗೇ ನಿಮ್ಮ ಬಾಕ್ಸ್ ಇಡಬೇಡಿ. ನೀವು ಬರೆದದ್ದೂ ಬದಲಾವಣೆಯೇ. ಅದು ಮತ್ತೆ ಎಬ್ಬಿಸುತ್ತದೆ, ನೀವು ಮತ್ತೆ ಬರೆಯುತ್ತೀರಿ, ಬ್ರೌಸರ್ ನಿಂತುಬಿಡುತ್ತದೆ.

ಹೊಸ ಸ್ಕ್ರಿಪ್ಟ್ ಹಾಕಿಕೊಟ್ಟಾಗ ಕಾಕಾ ಡಬ್ಬಿ, ಕಡ್ಡಿ, ಮತ್ತೆ ಡಬ್ಬಿ ಅಂತ ಹತ್ತು ಸಲ ಒತ್ತಿ ನೋಡಿದರು. ಆಮೇಲೆ ಕೇಳಿದರು, “ಬರೇ ದರ ಯಾಕ ಬರದಿ? ಯಾವ ಕಾಯಿದು ಅಂತ ಬಾಜೂಕ ಹೆಸರೂ ಹಾಕಪಾ.” ಪಟ್ಟಿಯಿಂದಲೇ ಹೆಸರು ತೆಗೆದು ದರದ ಪಕ್ಕ ಹಾಕಿದೆ.