ಆಟದ ಊರಿನ ಮಂದಿ

ಕೇಳುಗರಿಗೆಲ್ಲ ನಮಸ್ಕಾರ.

ಬೇಸಿಗೆ ರಜೆಗೆ ಅಕ್ಕನ ಮಗ ನಮ್ಮ ಮನೆಗೆ ಬಂದಿದ್ದ. ನಮ್ಮದು ಬಾಗಲಕೋಟೆಯ ನವನಗರ. ಹೊರಗೆ ಕಾಲಿಡದಂಥ ಬಿಸಿಲು, ಒಳಗೆ ಹುಡುಗ ಲ್ಯಾಪ್‌ಟಾಪ್ ಬಿಟ್ಟು ಏಳುತ್ತಿರಲಿಲ್ಲ. ಆಡುತ್ತಿದ್ದದ್ದು ಸಿಟೀಸ್ ಸ್ಕೈಲೈನ್ಸ್ ಅನ್ನೋ ಆಟ, 2015ರಲ್ಲಿ ಬಂದದ್ದು. ಬಯಲು ನೆಲ ಸಿಗುತ್ತದೆ. ರಸ್ತೆ, ನೀರು, ಕರೆಂಟು ನೀವು ಕೊಡಬೇಕು. ಮಂದಿ ತಾವೇ ಬಂದು ನೆಲೆಸುತ್ತಾರೆ.

ಊರು ಬೆಳೆಯಿತು, ಕರೆಂಟು ಸಾಲಲಿಲ್ಲ. ಹುಡುಗ ಹೊಳೆಗೆ ಅಡ್ಡ ಅಣೆಕಟ್ಟು ಹಾಕಿದ. ಈ ಆಟದಲ್ಲಿ ನೀರನ್ನು ತಡೆದರೆ ಅದು ಹಿಂದಕ್ಕೆ ಏರುತ್ತದೆ. ಏರಿತು. ದಂಡೆಯ ಮೇಲಿನ ಒಂದು ಓಣಿಗೆ ಓಣಿಯೇ ನೀರೊಳಗೆ ಹೋಯಿತು.

ಹಿಂದೆ ಮೆಂತೆ ಪಲ್ಲೆ ಸೋಸುತ್ತ ಕೂತಿದ್ದ ನಮ್ಮ ಅವ್ವ ತಲೆ ಎತ್ತಿದಳು.

"ಅಲ್ಲೋ ತಮ್ಮಾ, ಅಲ್ಲಿದ್ದ ಮಂದಿ ಎಲ್ಲಿ ಹೋದ್ರು?"

"ಬ್ಯಾರೆ ಮನಿಗೆ ಹೋಗ್ತಾರ ಆಯಿ. ಖಾಲಿ ಮನಿ ಅದಾವಲ್ಲ."

"ಎಲ್ಲಾರೂ ಕೂಡೇ ಹೋದ್ರೇನು?"

ಹುಡುಗನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಅವನ ತಪ್ಪಲ್ಲ, ಆಟಕ್ಕೂ ಅದು ತಿಳಿಯುವಂಥ ಪ್ರಶ್ನೆ ಅಲ್ಲ. ಇವತ್ತು ನಾನು ಮಾತಾಡಬೇಕು ಅಂತ ಬಂದಿರೋದು ಇದರ ಬಗ್ಗೆಯೇ.

ಇಂಥ ಆಟಗಳನ್ನು ನಾನೂ ಇಪ್ಪತ್ತು ವರ್ಷದಿಂದ ಆಡುತ್ತ ಬಂದವನು. ಸಿಡ್ ಮೈಯರ್ ಅವರ ಸಿವಿಲೈಜೇಶನ್ 1991ರಲ್ಲಿ ಬಂತು. ಅದರಲ್ಲಿ ಊರಿನ ಮಂದಿ ಅಂದರೆ ಸಾಲಾಗಿ ನಿಂತ ಪುಟ್ಟ ಚಿತ್ರಗಳು. ಕೆಲವರು ಖುಷಿ, ಕೆಲವರು ಸುಮ್ನೆ, ಕೆಲವರು ಸಿಟ್ಟು. ಸಿಟ್ಟಿನವರು ಖುಷಿಯವರಿಗಿಂತ ಜಾಸ್ತಿಯಾದರೆ ಊರಲ್ಲಿ ಗಲಾಟೆ. ಒಂದು ಗುಡಿ ಕಟ್ಟಿಸಿದರೆ ತಣ್ಣಗಾಗುತ್ತಾರೆ. ನಮ್ಮಲ್ಲಿ ಗುಡಿ ಕಟ್ಟಿದ ಮೇಲೇ ಜಗಳ ಶುರುವಾಗೋದು, ಅದು ಬೇರೆ ಮಾತು.

ಆಮೇಲೆ 2003ರಲ್ಲಿ ವಿಕ್ಟೋರಿಯಾ ಅಂತ ಒಂದು ಆಟ ಬಂತು. ಅಲ್ಲಿ ಒಬ್ಬೊಬ್ಬರನ್ನು ಬೇರೆ ಬೇರೆ ಲೆಕ್ಕ ಹಾಕೋದಿಲ್ಲ. ಒಂದೇ ಸೀಮೆಯಲ್ಲಿದ್ದು, ಒಂದೇ ಕೆಲಸ, ಒಂದೇ ಸಂಸ್ಕೃತಿ, ಒಂದೇ ಧರ್ಮದವರಾದರೆ ಅವರೆಲ್ಲ ಸೇರಿ ಒಂದು ಗಂಟು. ಕಾಳು ಬೇಕು, ಬಟ್ಟೆ ಬೇಕು, ಕೈಯಲ್ಲಿ ದುಡ್ಡಿದ್ದರೆ ಚೈನಿಯ ಸಾಮಾನು ಬೇಕು. ಸಿಗದಿದ್ದರೆ ಆ ಗಂಟಿನ ಸಿಟ್ಟು ಏರುತ್ತದೆ. ಬಹಳ ಜಾಣತನದ ಲೆಕ್ಕ, ಒಪ್ಪಬೇಕು. ಆದರೆ ನನಗೆ ಅದನ್ನು ಆಡುವಾಗೆಲ್ಲ ಬ್ರಿಟಿಷರ ಜನಗಣತಿ ನೆನಪಾಗುತ್ತದೆ. 1931ರವರೆಗೆ ಅವರು ನಮ್ಮನ್ನು ಹೀಗೇ ಜಾತಿ, ಕಸುಬು ಅಂತ ಖಾನೆಗೆ ಹಾಕಿ ಎಣಿಸಿದರು. ಆಳುವವನ ಕಣ್ಣಿಗೆ ಮಂದಿ ಹಾಗೆ ಕಾಣುತ್ತಾರೆ. ಆಟದಲ್ಲಿ ಆಳುವವರು ನಾವೇ, ಅಲ್ವಾ?

ಇನ್ನೊಂದು ದಾರಿ, ಒಬ್ಬೊಬ್ಬ ಮನುಷ್ಯನನ್ನೂ ಬೇರೆಯಾಗಿಯೇ ನಡೆಸೋದು. ಸಿಮ್‌ಸಿಟಿ ಅನ್ನೋ ಊರು ಕಟ್ಟುವ ಆಟದ 2013ರ ಆವೃತ್ತಿ ಹಾಗೆ ಮಾಡಿತು. ಆಡಿದವರು ಹಿಂದೆ ಬಿದ್ದು ನೋಡಿದಾಗ ಒಂದು ತಮಾಷೆ ಗೊತ್ತಾಯಿತು. ಅಲ್ಲಿ ಯಾರಿಗೂ ತನ್ನದು ಅಂತ ಒಂದು ಮನೆಯೇ ಇಲ್ಲ. ಸಂಜೆ ಕೆಲಸ ಬಿಟ್ಟವನು ಹತ್ತಿರದಲ್ಲಿ ಯಾವ ಮನೆಯಲ್ಲಿ ಜಾಗ ಇದೆಯೋ ಅದಕ್ಕೆ ನುಗ್ಗುತ್ತಾನೆ. ಬೆಳಿಗ್ಗೆ ಎದ್ದು ಹತ್ತಿರ ಸಿಕ್ಕ ಕೆಲಸಕ್ಕೆ ಹೋಗುತ್ತಾನೆ. ನಿನ್ನೆ ಬೇಕರಿ, ಇವತ್ತು ಪೊಲೀಸ್ ಠಾಣೆ!

ನಮ್ಮ ಹುಡುಗನ ಆಟ ಇದಕ್ಕಿಂತ ಚೆನ್ನಾಗಿದೆ. ಪ್ರತಿಯೊಬ್ಬರಿಗೂ ಹೆಸರು, ವಯಸ್ಸು, ಓದು, ಗೊತ್ತಾದ ಮನೆ, ಗೊತ್ತಾದ ಕೆಲಸ ಇದೆ. ಕಂಪ್ಯೂಟರಿಗೆ ಭಾರ ಆಗಬಾರದು ಅಂತ ಒಂದೇ ಸಲಕ್ಕೆ 65,536 ಜನ ಮಾತ್ರ ಓಡಾಡಬಹುದು. ಇಷ್ಟೆಲ್ಲ ಇದ್ದರೂ ಪಕ್ಕದ ಮನೆಯವರು ಯಾರು ಅಂತ ಅವರಿಗೆ ಗೊತ್ತಿಲ್ಲ.

ಈಗ ಅವ್ವನ ಪ್ರಶ್ನೆಗೆ ಬರೋಣ. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟಾಯಿತು. ಹಿನ್ನೀರು ಘಟಪ್ರಭೆಯ ದಂಡೆಯ ಹಳೇ ಬಾಗಲಕೋಟೆಯ ಒಂದಷ್ಟು ಭಾಗಕ್ಕೆ ಬಂತು. ನಮ್ಮ ಕಡೆ ಮುಳುಗಡೆ ಅಂದರೆ ಸಾಕು, ಬಿಡಿಸಿ ಹೇಳೋದು ಬೇಡ. ಹಳೇ ಊರಿನಲ್ಲಿ ಕಿಲ್ಲಾ, ವೆಂಕಟಪೇಟೆ, ಜೈನಪೇಟೆ ಅಂತ ಓಣಿಗಳು. ಮುಳುಗಡೆಯಾದವರಿಗೆ ಅಂತ ಕಟ್ಟಿದ ಈ ನವನಗರದಲ್ಲಿ ಸೆಕ್ಟರ್ ನಂಬರು. ರಸ್ತೆ ಅಗಲ, ಗಾಳಿ ಬೆಳಕು ಚೆನ್ನಾಗಿದೆ, ಸುಳ್ಳು ಹೇಳಬಾರದು. ಆಟದ ಲೆಕ್ಕದಲ್ಲಿ ನಮ್ಮ ಮನೆಯ ಮೇಲೆ ನಗುಮುಖವೇ ಬೀಳುತ್ತಿತ್ತು.

ಆದರೆ ಹಳೇ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗ್ವಾಡಿ ಇತ್ತು. ಹೆಪ್ಪಿಗೆ ಮೊಸರು ಬೇಕಾದರೆ ಅವ್ವ ಗ್ವಾಡಿ ಬಡಿಯುತ್ತಿದ್ದಳು. ಇಲ್ಲಿಗೆ ಬಂದ ಮೇಲೆ ಅವರು ಒಂದು ಸೆಕ್ಟರು, ನಾವು ಒಂದು ಸೆಕ್ಟರು. ಹೆಪ್ಪಿಗಾಗಿ ಯಾರು ಆಟೋ ಹತ್ತುತ್ತಾರೆ?

ಇನ್ನು ಉದ್ದರಿ. ಹಳೇ ಊರಿನ ಕಿರಾಣಿ ಅಂಗಡಿಯವರಿಗೆ ನಮ್ಮ ಅಜ್ಜನೂ ಗೊತ್ತಿದ್ದ. ತಿಂಗಳ ಕೊನೆಯ ವಾರ ಎಣ್ಣೆ, ಬೇಳೆ ಬರೆಸಿ ತರುತ್ತಿದ್ದೆವು, ಪಗಾರ ಆದ ಮೇಲೆ ತೀರಿಸುತ್ತಿದ್ದೆವು. ಹೊಸ ಊರಿನಲ್ಲಿ ಹೊಸ ಅಂಗಡಿ, ಮುಖಪರಿಚಯ ಇಲ್ಲ, ನಗದು ಮಾತ್ರ. ಪಗಾರ ಅಷ್ಟೇ ಇತ್ತು, ದೊಡ್ಡ ಮನೆ ಇತ್ತು, ಆದರೂ ಮೊದಲ ಎರಡು ವರ್ಷ ಕೊನೆಯ ವಾರ ಬಲು ಬಿಗಿ. ಅಂಗಡಿಯವರಿಗೂ ಅಷ್ಟೇ, ಕಾಯಂ ಗಿರಾಕಿ ಹೋದ. ಇದು ಬರೀ ಮನಸ್ಸಿನ ದುಃಖ ಅಲ್ಲ ನೋಡಿ, ಹಣಕಾಸಿನ ವಿಷಯ.

ಹಾಗಾದರೆ ಆಟದಲ್ಲಿ ಇದನ್ನು ತರೋದು ಹೇಗೆ? ನನ್ನ ಲೆಕ್ಕ ಹೀಗಿದೆ. 1 ಲಕ್ಷ ಮಂದಿಯ ಊರಿನಲ್ಲಿ ಯಾರಿಗೆ ಯಾರು ಗೊತ್ತು ಅಂತ ಪ್ರತಿ ಜೋಡಿಯನ್ನೂ ಬರೆಯಲು ಹೋದರೆ ಸುಮಾರು 500 ಕೋಟಿ ಜೋಡಿಗಳಾಗುತ್ತವೆ. ಅದು ಬೇಡ. ಒಬ್ಬೊಬ್ಬರಿಗೆ ನಾಲ್ಕೇ ನಾಲ್ಕು ಎಳೆ ಕೊಡಿ. ಒಂದು ಪಕ್ಕದ ಮನೆಗೆ, ಒಂದು ಬೀಗರಿಗೆ, ಒಂದು ಅಂಗಡಿಗೆ, ಒಂದು ಕೆಲಸದ ಜೊತೆಗಾರನಿಗೆ. ಹೆಚ್ಚೆಂದರೆ 4 ಲಕ್ಷ ಸಾಲು, ಇವತ್ತಿನ ಕಂಪ್ಯೂಟರಿಗೆ ಏನೂ ಅಲ್ಲ. ಎಳೆಗೆ ಸೊನ್ನೆಯಿಂದ ನೂರರವರೆಗೆ ಬಲ. ದಿನಾ ಭೇಟಿಯಾದರೆ ಏರಬೇಕು, ದೂರ ಆದರೆ ನಿಧಾನಕ್ಕೆ ಸವೆಯಬೇಕು. ಹಬ್ಬದಲ್ಲಿ ಒಮ್ಮೆಲೇ ಜಿಗಿಯಬೇಕು. ಹೋಳಿಯಲ್ಲಿ ಬಣ್ಣದ ಬಂಡಿ ಹೊರಟು ಹಲಗೆ ಸದ್ದು ಕೇಳಿತೆಂದರೆ ನವನಗರದವರು ಹಳೇ ಓಣಿಗೆ ಓಡುತ್ತಾರಲ್ಲ, ಹಾಗೆ.

ಅಂಗಡಿಯ ಎಳೆ ಗಟ್ಟಿ ಇದ್ದರೆ ಕೈಯಲ್ಲಿ ದುಡ್ಡಿಲ್ಲದಾಗಲೂ ಉದ್ದರಿ. ಪಕ್ಕದ ಮನೆಯ ಎಳೆ ಗಟ್ಟಿ ಇದ್ದರೆ ಕೂಸನ್ನು ಬಿಟ್ಟು ಕೆಲಸಕ್ಕೆ ಹೋಗಬಹುದು. ಆಗ ಅಣೆಕಟ್ಟು ಹಾಕುವ ಆಟಗಾರನಿಗೆ ಎರಡು ದಾರಿ. ಖಾಲಿ ಇದ್ದಲ್ಲೆಲ್ಲ ಒಂದೊಂದು ಮನೆ ಹಂಚಿದರೆ ಖರ್ಚು ಕಡಿಮೆ, ಎಳೆ ಹರಿಯುತ್ತದೆ. ಓಣಿಯನ್ನು ಓಣಿಯಾಗಿಯೇ ಎತ್ತಿ ಇಡಬೇಕಾದರೆ ದೊಡ್ಡ ಜಾಗ ಬೇಕು, ದುಡ್ಡೂ ಜಾಸ್ತಿ.

ಸಾಫ್ಟ್‌ವೇರ್ ಬರೆಯುವ ನನ್ನ ಗೆಳೆಯನಿಗೆ ಇದನ್ನು ಹೇಳಿದೆ. "ಇಷ್ಟು ತಲೆನೋವಿದ್ರ ಯಾರ್ ಆಡ್ತಾರೋ ಮಾರಾಯ?" ಅಂದ. ಅವನು ಹೇಳಿದ್ದೂ ಸರಿಯೇ. ಎಲ್ಲ ಎಳೆಯನ್ನೂ ಪರದೆಯ ಮೇಲೆ ತೋರಿಸಿದರೆ ಅದು ತಲಾಠಿ ಕಚೇರಿಯ ಖಾತೆ ಪುಸ್ತಕ ಆದೀತು. ತೋರಿಸಬಾರದು. ಅಂಗಡಿ ಮುಚ್ಚಿದಾಗ, ಕೂಸು ಬಿಡಲು ಯಾರೂ ಇಲ್ಲದೆ ಒಬ್ಬಾಕೆ ಕೆಲಸ ಬಿಟ್ಟಾಗ, ಯಾಕೆ ಅಂತ ಆಡುವವನೇ ಹುಡುಕಬೇಕು.

ಹುಡುಗ ಅಂದು ಅಣೆಕಟ್ಟು ಕೆಡವಿ ಮತ್ತೆ ಶುರು ಮಾಡಿದ. ಈ ಆಟದಲ್ಲಿ ಮಂದಿಯ ಹೆಸರು ಬದಲಿಸಬಹುದು. ಅವ್ವ ಹೊಳೆ ದಂಡೆಯ ಒಂದು ಮನೆಯಾಕೆಗೆ ತನ್ನ ಹಳೇ ನೆರೆಯಾಕೆಯ ಹೆಸರು ಹಾಕಿಸಿದಳು. ಪಕ್ಕದ ಮನೆಯಾಕೆಗೆ ತನ್ನದೇ ಹೆಸರು. ಈಗ ಆ ಎರಡು ಮನೆಗೆ ಕೈ ಹಚ್ಚಲು ಹುಡುಗನಿಗೆ ಮನಸ್ಸು ಬರುತ್ತಿಲ್ಲ. ಹೈವೇ ಅಲ್ಲಿ ಬಂದು ಸೊಟ್ಟಗೆ ತಿರುಗುತ್ತದೆ, ಸಂಜೆಯಾದರೆ ಗಾಡಿಗಳ ಸಾಲು. ಆಯಿಯಿಂದ ಊರೆಲ್ಲ ಟ್ರಾಫಿಕ್ ಜಾಮ್ ಅಂತ ಫೋನಿನಲ್ಲಿ ಬೈಯುತ್ತಿರುತ್ತಾನೆ.

ನಮಸ್ಕಾರ.